ಚಳಿದೇಶಗಳಲ್ಲಿ ಅಚ್ಚನ್ನು ಕಳಚದೆ ಕಟ್ಟುವ ಅಸ್ತಿಭಾರದ ಗೋಡೆ

ಕಾಂಕ್ರೀಟಿನ ಗೋಡೆಯನ್ನಾಗಲಿ ತೊಟ್ಟಿಯನ್ನಾಗಲಿ ಕಟ್ಟಿಸುವಾಗ ಹಲಗೆಗಳಿಂದ ಅಚ್ಚನ್ನು ಮಾಡಿ, ಕಾಂಕ್ರೀಟು ಗಟ್ಟಿಯಾದ ಮೇಲೆ ಅವುಗಳನ್ನು ಬಿಚ್ಚಿ ತೆಗೆಯುವುದು ಎಲ್ಲರಿಗೂ ತಿಳಿದ ಕ್ರಮವಾಗಿರುತ್ತದೆ. ಕೆನಡಾ ದೇಶದಲ್ಲಿಯೂ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿಯೂ ಅಚ್ಚನ್ನು ಬಿಚ್ಚದೆ ಗೋಡೆಯ ಅಂಗವಾಗಿಯೇ ಉಳಿಸಿಬಿಡುವ ಬೇರೊಂದು ಕ್ರಮವು ಬಳಕೆಯಲ್ಲಿದೆ. ಇಂತಹ ಅಚ್ಚಿಗಾಗಿ ಕೆನಡಾದ ವರ್ನರ್ ಗ್ರೆಗೋರಿ ಎಂಬಾತನು 1966ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ಆ ದೇಶಗಳಲ್ಲಿ ನೆಲಸಿ ಮನೆ ಕಟ್ಟಿಸುವ ಕನ್ನಡಿಗರೂ ಇರುವುದರಿಂದ, ಅವರ ಹಿರಿಯರು ಈ ಕ್ರಮದ ಗುಣದೋಷಗಳನ್ನು ಅರಿತಿರುವುದು ಯುಕ್ತವಾಗಿದೆ.

ಅಲ್ಲಿ ಚಳಿಗಾಲದಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ. ಉಬ್ಬಿದ ಮಣ್ಣು ತನ್ನ ಮೇಲಿರುವ ಕಟ್ಟಡವನ್ನು ಎತ್ತಿ ಬಿರುಕು ಬಿಡಿಸುತ್ತದೆ. ಆದಕಾರಣ ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗೆ ತಳಪಾಯವನ್ನು ಹಾಕತಕ್ಕದ್ದು. ಮಿನ್ನೆಸೋಟ ಸಂಸ್ಥಾನದ ನಿಯಮದಂತೆ ಇದು ಉತ್ತರ ಭಾಗದಲ್ಲಿ 5 ಅಡಿ, ದಕ್ಷಿಣ ಭಾಗದಲ್ಲಿ 3½ ಅಡಿ ಆಳವಿರಬೇಕು. ಇಷ್ಟು ಅಗೆದ ಮೇಲೆ ಇನ್ನೂ ಸ್ವಲ್ಪ ಅಗೆದು ನೆಲಮಾಳಿಗೆಯನ್ನೇ ಮಾಡಿಕೊಳ್ಳುವುದು ಅಲ್ಲಿಯ ವಾಡಿಕೆ. ಬರಿಯ ಕಾಂಕ್ರೀಟಿನ ಗೋಡೆಯಾದರೆ ಒಳಗಣ ಶಾಖವು ಮಣ್ಣಿಗೆ ಸೋರಿಹೋಗಿ ಸೌದೆ, ಅನಿಲಗಳ ವೆಚ್ಚವು ಏರುತ್ತದೆ. ಈ ನಷ್ಟವನ್ನು ತಡೆಯುವುದೇ ಹೊಸ ಅಚ್ಚಿನ ಮುಖ್ಯ ಉದ್ದೇಶ.

ಅಚ್ಚಿನ ಇಟ್ಟಿಗೆಯು ಥರ್ಮೋಕೋಲ್ ಎಂದು ಪೇಟೆಗಳಲ್ಲಿ ಪರಿಚಿತವಾದ ಪದಾರ್ಥದ ಎರಡು ಫಲಕಗಳಿಂದಾದುದು. ಒಂದೊಂದು ಫಲಕವೂ ಸುಮಾರು 2½ ಅಂಗುಲ ದಪ್ಪ. ನಡುವೆ 6 ಅಥವಾ 8 ಅಂಗುಲ ತೆರವಿರುವಂತೆ ಪ್ಲಾಸ್ಟಿಕ್ಕಿನ ಪಟ್ಟಿಗಳು ಅವೆರಡನ್ನೂ ಬಂಧಿಸಿರುತ್ತವೆ. ಸಾಮಾನ್ಯವಾಗಿ ಉದ್ದ 4 ಅಡಿ, ಎತ್ತರ 16 ಅಂಗುಲ. ಒಬ್ಬ ಆಳು ಒಂದೇ ಕೈಯಲ್ಲಿ ಎತ್ತಬಲ್ಲಷ್ಟು ಹಗುರ. ಮಟ್ಟವಾದ ತಳಪಾಯದ ಮೇಲೆ ಮೂಲೆಗಳಿಂದ ಆರಂಭಿಸಿ, ಸಂದಿಯ ಮೇಲೆ ಸಂದಿ ಬಾರದಂತೆ ಇವುಗಳನ್ನು ಜೋಡಿಸುತ್ತಾರೆ. ಅಡ್ಡ ಸಲಾಕೆಗಳನ್ನು ಪಟ್ಟಿಗಳ ಗಾಡಿಗಳಲ್ಲಿ ಕೂರಿಸಿ, ಉದ್ದ ಸಲಾಕೆಗಳನ್ನು ಮೇಲಿನಿಂದ ಇಳಿಸುತ್ತಾರೆ. ಜೋಡಣೆಯು ಮಕ್ಕಳ ಆಟದಂತೆ ಸುಲಭವಾಗಿ ಕಾಣುವುದರಿಂದಲೇ ಅನೇಕರು ಮೋಸಹೋಗುತ್ತಾರೆ.

ಕಷ್ಟವಿರುವುದು ಕಾಂಕ್ರೀಟು ಸುರಿಯುವ ದಿನ. ಹಸಿಯ ಕಾಂಕ್ರೀಟು ಘನ ಅಡಿಗೆ ಸುಮಾರು 150 ಪೌಂಡು ತೂಗುತ್ತದೆ. ಗಟ್ಟಿಯಾಗುವ ತನಕ ಅದು ನೀರಿನಂತೆ ಪಕ್ಕಕ್ಕೂ ಒತ್ತುತ್ತದೆ. 4 ಅಡಿ ಎತ್ತರಕ್ಕೆ ಒಮ್ಮೆಗೇ ಸುರಿದರೆ ಬುಡದಲ್ಲಿ ಚದರಡಿಗೆ 600 ಪೌಂಡು, 8 ಅಡಿ ಸುರಿದರೆ 1,200 ಪೌಂಡು ಒತ್ತಡ ಬೀಳುತ್ತದೆ. ಮೂಲೆಗಳಲ್ಲಿ, ಕಿಟಕಿಗಳ ಬಳಿ, ಕತ್ತರಿಸಿ ಜೋಡಿಸಿದ ಕಡೆಗಳಲ್ಲಿ ಅಚ್ಚು ಒಡೆದು ಕಾಂಕ್ರೀಟು ಹೊರಗೆ ಹರಿಯುವುದು ಹೀಗೆ. ಮಣ್ಣುಗೋಡೆಯನ್ನು ಹಾಕುವ ರೈತನು ಒಂದು ಮಟ್ಟವು ಬಿಗಿದ ಮೇಲೆಯೇ ಮತ್ತೊಂದನ್ನು ಏರಿಸುವನಷ್ಟೆ. ಅದೇ ಜಾಣ್ಮೆಯು ಇಲ್ಲಿಯೂ ಬೇಕು. ಗೋಡೆಯ ಸುತ್ತಲೂ 3–4 ಅಡಿ ಎತ್ತರಕ್ಕೆ ಸುರಿದು ಬಂದು, ಕೆಳಗಿನದು ಕೊಂಚ ಬಿಗಿಯುತ್ತಿರುವಾಗ ಮೇಲಿನ ಸುತ್ತನ್ನು ಆರಂಭಿಸತಕ್ಕದ್ದು. ಅದು ಪೂರ್ತಿ ಗಟ್ಟಿಯಾಗುವವರೆಗೆ ಕಾದರೆ ನಡುವೆ ಬೆಸುಗೆ ಕೂಡುವುದಿಲ್ಲ. ಸುಮಾರು 6 ಅಡಿಗೊಂದರಂತೆ ಊರೆಗೋಲುಗಳನ್ನು ಕೊಟ್ಟು, ಮೇಲೆ ದಾರ ಕಟ್ಟಿ, ಕಾಂಕ್ರೀಟು ಹಸಿಯಿರುವಾಗಲೇ ಗೋಡೆಯನ್ನು ನೇರಮಾಡಬೇಕು.

ಬೇಗ ಇಳಿಯಲೆಂದು ಮೇಸ್ತ್ರಿಯು ನೀರು ಬೆರೆಸಿದರೆ ಗೋಡೆಯ ಬಲವು ಕುಂದುತ್ತದೆ. ಸಣ್ಣ ಜಲ್ಲಿಯನ್ನು ಉಪಯೋಗಿಸಿ ವೈಬ್ರೇಟರನ್ನು ಇಳಿಸಿ ಕದಡಿಸದಿದ್ದರೆ ಸಲಾಕೆಗಳ ಸುತ್ತ ಪೊಳ್ಳು ಉಳಿಯುತ್ತದೆ. ಹಲಗೆಯ ಅಚ್ಚಾದರೆ ಬಿಚ್ಚಿದ ದಿನವೇ ಪೊಳ್ಳು ಕಣ್ಣಿಗೆ ಬೀಳುವುದು. ಇಲ್ಲಿ ಅಚ್ಚು ಕಳಚುವುದೇ ಇಲ್ಲವಾದುದರಿಂದ ಯಜಮಾನನು ತನ್ನ ಗೋಡೆಯನ್ನು ಎಂದಿಗೂ ನೋಡಲಾರನು. ಆದುದರಿಂದ ಆ ದಿನ ಸ್ಥಳದಲ್ಲಿದ್ದು ಲೆಕ್ಕವಿಡುವುದು ಮೇಲು. 40 ಅಡಿ ಉದ್ದ, 8 ಅಡಿ ಎತ್ತರ, 8 ಅಂಗುಲ ದಪ್ಪದ ಗೋಡೆಗೆ ಸುಮಾರು 213 ಘನ ಅಡಿ ಹಿಡಿಯಬೇಕು. ಅದಕ್ಕಿಂತ ಗಣನೀಯವಾಗಿ ಕಡಮೆ ಹಿಡಿದಿದ್ದರೆ ಎಲ್ಲಿಯೋ ಪೊಳ್ಳಿದೆಯೆಂದೇ ತಿಳಿಯಬೇಕು.

ಹೊರಮೈಗೆ ನೀರು ತಡೆಯುವ ಅಂಟುಹಾಳೆಯನ್ನು ಹಚ್ಚಿ, ಬುಡದಲ್ಲಿ ಜಲ್ಲಿಯ ನಡುವೆ ತೂತುಗೊಳವೆಯನ್ನಿಟ್ಟು ನೀರನ್ನು ಹೊರಡಿಸಬೇಕು. ಪೆಟ್ರೋಲಿನಂತಹ ದ್ರವಗಳು ಬೆರೆತ ಲೇಪಗಳು ಥರ್ಮೋಕೋಲನ್ನು ಕರಗಿಸುವುದರಿಂದ ಅವು ಕೂಡದು. ಮೇಲಿನ ಅಂತಸ್ತಿನ ನೆಲವು ಗೋಡೆಯ ತಲೆಯನ್ನು ಹಿಡಿದ ಮೇಲೆಯೇ ಹೊರಗೆ ಮಣ್ಣು ತುಂಬಬೇಕು. ಬೆಂಕಿಯ ಭಯದಿಂದ ಒಳಮೈಗೆ ಜಿಪ್ಸಮ್ ಹಲಗೆಯ ಹೊದಿಕೆಯು ಅವಶ್ಯ.

ಇನ್ನೊಂದು ಶತ್ರು ಗೆದ್ದಲು. ಅದು ಥರ್ಮೋಕೋಲನ್ನು ತಿಂದು ಬದುಕುವುದಿಲ್ಲ; ಆದರೆ ಕೊರೆದು, ಯಾರ ಕಣ್ಣಿಗೂ ಬೀಳದೆ ಮೇಲಿನ ಮರಗೆಲಸಕ್ಕೆ ದಾರಿ ಮಾಡಿಕೊಳ್ಳುತ್ತದೆ. ಅಮೆರಿಕದ ಮಾದರಿ ಗೃಹನಿರ್ಮಾಣ ನಿಯಮಾವಳಿಯು, ಗೆದ್ದಲು ಅತಿಯಾಗಿರುವ ದಕ್ಷಿಣದ ಸೀಮೆಗಳಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟು, ನೆಲದೊಳಗೆ ಇದರ ಬಳಕೆಯನ್ನು ನಿಷೇಧಿಸಿದೆ. ಹೊಲದ ಬದುಗಳಲ್ಲಿ ಹುತ್ತವೇಳುವ, ನೆಲ ಹೆಪ್ಪುಗಟ್ಟದ ಕನ್ನಡನಾಡಿನಲ್ಲಿ ಅಸ್ತಿಭಾರಕ್ಕೆ ಇದನ್ನು ತರಿಸಲು ಕಾರಣವು ತೋರುವುದಿಲ್ಲ. ಗಟ್ಟಿನೆಲದಲ್ಲಿ ಕಲ್ಲುಕಟ್ಟಡವೇ ಸಾಕು. ಎರೆನೆಲದ ತೊಂದರೆಯು ಮಣ್ಣು ಉಬ್ಬಿ ಕುಗ್ಗುವುದರಿಂದ ಬರುವಂಥದು, ಥರ್ಮೋಕೋಲಿನ ಹೊದಿಕೆಯಿಂದ ಅದು ನೀಗುವುದಿಲ್ಲ.