ಲಿನಕ್ಸ್ ಲ್ಯಾಪ್‌ಟಾಪ್‌ಗೆ ಪ್ರೊಜೆಕ್ಟರ್ ಗೊತ್ತಾಗುವುದೇ ಇಲ್ಲವೇ? ನಿಜ ಏನು, ಸುಳ್ಳು ಏನು

"ಲಿನಕ್ಸ್ ಇರುವ ಲ್ಯಾಪ್‌ಟಾಪ್‌ಗೆ ಪ್ರೊಜೆಕ್ಟರ್ ಹಾಕಿದರೆ ಏನೂ ಬರಲ್ಲ." "ಬೇರೆ ಮಾನಿಟರ್ ಹಾಕಬೇಕಾದರೆ ಮೊದಲು ಲ್ಯಾಪ್‌ಟಾಪ್ ಆಫ್ ಮಾಡಬೇಕು, ಇಲ್ಲದಿದ್ದರೆ ಸುಟ್ಟುಹೋಗುತ್ತದೆ."

ಇಂಥ ಮಾತುಗಳನ್ನು ನೀವೂ ಕೇಳಿರುತ್ತೀರಿ. ಇದನ್ನು ನಂಬಿ, ಚೆನ್ನಾಗಿ ಓಡುತ್ತಿರುವ ಲ್ಯಾಪ್‌ಟಾಪನ್ನು ಮೂಲೆಗೆ ಇಡುವವರಿದ್ದಾರೆ. ಎಲ್ಲಿಂದಲೋ ತಂದ ಕಳ್ಳಪ್ರತಿಯ ವಿಂಡೋಸ್ ಹಾಕಿಸಿಕೊಂಡು, ಅದರ ಜೊತೆಗೆ ವೈರಸ್ಸನ್ನೂ ಬರಮಾಡಿಕೊಳ್ಳುವವರಿದ್ದಾರೆ. ಹಾಗಾದರೆ ಈ ಮಾತಿನಲ್ಲಿ ನಿಜ ಎಷ್ಟು? ನೋಡೋಣ ಬನ್ನಿ.

ಚುಟುಕಾಗಿ ಹೇಳುವುದಾದರೆ, ಇಂದಿನ ಲಿನಕ್ಸ್ ಹೊರಗಿನ ಪರದೆಯನ್ನು ತಾನಾಗಿಯೇ ಗುರುತಿಸುತ್ತದೆ. ಆದರೆ ಗುರುತಿಸುವುದು ಒಂದು ಕೆಲಸ, ಅದರಲ್ಲಿ ಚಿತ್ರ ತೋರಿಸುವುದು ಇನ್ನೊಂದು ಕೆಲಸ. ಈ ಎರಡರ ನಡುವೆ ಎಲ್ಲೋ ಕೊಂಡಿ ತಪ್ಪಿದಾಗ ನಾವು "ಲಿನಕ್ಸ್ ಸರಿಯಿಲ್ಲ" ಅಂದುಬಿಡುತ್ತೇವೆ.

ಕೇಬಲ್ ಸಿಕ್ಕಿಸಿದ ಕೂಡಲೇ ಏನಾಗುತ್ತದೆ?

ಎಚ್‌ಡಿಎಂಐ ಕೇಬಲ್‌ನ ತುದಿಯಲ್ಲಿ 19 ಪಿನ್‌ಗಳಿರುತ್ತವೆ. ಚಿತ್ರ ಮತ್ತು ಧ್ವನಿ ಇವುಗಳಲ್ಲಿ ಕೆಲವು ಪಿನ್‌ಗಳಲ್ಲಿ ಮಾತ್ರ ಹೋಗುತ್ತವೆ. 18ನೇ ಪಿನ್‌ನಲ್ಲಿ ಲ್ಯಾಪ್‌ಟಾಪ್ 5 ವೋಲ್ಟ್ ವಿದ್ಯುತ್ ಕಳುಹಿಸುತ್ತದೆ. ಆ ಕಡೆಯ ಮಾನಿಟರ್ ಅದಕ್ಕೆ ಉತ್ತರವಾಗಿ 19ನೇ ಪಿನ್‌ನಲ್ಲಿ ವೋಲ್ಟೇಜ್ ಏರಿಸುತ್ತದೆ. ಈ ಪಿನ್‌ನ ಹೆಸರೇ 'ಹಾಟ್ ಪ್ಲಗ್ ಡಿಟೆಕ್ಟ್'. ಅಂದರೆ, ಯಂತ್ರ ಓಡುತ್ತಿರುವಾಗಲೇ ಕೇಬಲ್ ಹಾಕಿದ್ದನ್ನು ಪತ್ತೆಹಚ್ಚುವುದು. ಮನೆಯ ಕಾಲಿಂಗ್ ಬೆಲ್ ಇದ್ದ ಹಾಗೆ. ಯಾರೋ ಬಂದಿದ್ದಾರೆ ಎನ್ನುವುದಷ್ಟೇ ಅದರಿಂದ ಗೊತ್ತಾಗುತ್ತದೆ, ಬಂದವರು ಯಾರು ಎಂದು ಗೊತ್ತಾಗುವುದಿಲ್ಲ.

ಯಾರು ಎಂದು ತಿಳಿಯಲು ಲ್ಯಾಪ್‌ಟಾಪ್ ಮಾನಿಟರ್‌ನೊಳಗಿನ ಒಂದು ಪುಟ್ಟ ಮಾಹಿತಿಯನ್ನು ಓದುತ್ತದೆ. ಇದಕ್ಕೆ ಇಡಿಐಡಿ ಎಂದು ಹೆಸರು. 1994ರಲ್ಲಿ ಬಂದ ಈ ಪದ್ಧತಿಯಲ್ಲಿ ಮೂಲ ಮಾಹಿತಿ ಬರೀ 128 ಬೈಟ್. ತಯಾರಕರ ಮೂರಕ್ಷರದ ಗುರುತು, ಮಾದರಿಯ ಸಂಖ್ಯೆ, ತಯಾರಾದ ವರ್ಷ, ಯಾವ ರೆಸಲ್ಯೂಶನ್‌ನಲ್ಲಿ ಚಿತ್ರ ಚೆನ್ನಾಗಿ ಕಾಣುತ್ತದೆ, ಎಲ್ಲವೂ ಅದರಲ್ಲಿರುತ್ತದೆ. ಇದನ್ನು ಓದಲು ಬೇಕಾದ ವಿದ್ಯುತ್ ಲ್ಯಾಪ್‌ಟಾಪ್ ಕಳುಹಿಸುವ ಆ 5 ವೋಲ್ಟ್‌ನಿಂದಲೇ ಸಿಗಬಲ್ಲದು. ಹಾಗಾಗಿಯೇ ಕೆಲವು ಮಾನಿಟರ್‌ಗಳು ಆಫ್ ಆಗಿದ್ದರೂ ಲ್ಯಾಪ್‌ಟಾಪ್‌ಗೆ ಅವು ಇರುವುದು ಗೊತ್ತಾಗುತ್ತದೆ.

ಲಿನಕ್ಸ್ ಒಳಗೆ ಸುದ್ದಿ ಹೇಗೆ ಸಾಗುತ್ತದೆ?

ಬೆಲ್ ಬಾರಿಸಿದ್ದನ್ನು ಮೊದಲು ಕೇಳಿಸಿಕೊಳ್ಳುವುದು ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು. ಅದರಲ್ಲಿರುವ ಗ್ರಾಫಿಕ್ಸ್ ಡ್ರೈವರ್ ಇಡಿಐಡಿ ಓದಿ, "ಪರದೆಗಳಲ್ಲಿ ಏನೋ ಬದಲಾಗಿದೆ" ಎಂದು ಡಂಗುರ ಸಾರುತ್ತದೆ. ಈ ಸುದ್ದಿಯನ್ನು ಯುಡೆವ್ ಎಂಬ ಇನ್ನೊಂದು ಭಾಗ ಬೇಕಾದವರಿಗೆಲ್ಲ ಮುಟ್ಟಿಸುತ್ತದೆ. ಗ್ನೋಮ್, ಕೆಡಿಇಯಂಥ ಡೆಸ್ಕ್‌ಟಾಪ್‌ಗಳು ಇದಕ್ಕಾಗಿಯೇ ಕಿವಿಗೊಟ್ಟು ಕೂತಿರುತ್ತವೆ. ಸುದ್ದಿ ಬಂದ ಕೂಡಲೇ ಹೊಸ ಪರದೆಯನ್ನು ಎಡಕ್ಕೋ ಬಲಕ್ಕೋ ಜೋಡಿಸಿ ಚಿತ್ರ ತೋರಿಸುತ್ತವೆ.

ಗುಟ್ಟು ಇರುವುದು ಇಲ್ಲೇ. ಹಳೆಯ ಲ್ಯಾಪ್‌ಟಾಪ್ ಹಗುರಾಗಿ ಓಡಲಿ ಎಂದು ಕೆಲವರು ಐ3, ಓಪನ್‌ಬಾಕ್ಸ್‌ನಂಥ ಸಣ್ಣ ವಿಂಡೋ ಮ್ಯಾನೇಜರ್ ಹಾಕಿಕೊಳ್ಳುತ್ತಾರೆ. ಅಲ್ಲಿಯೂ ಕರ್ನಲ್ ಪರದೆಯನ್ನು ಗುರುತಿಸಿ ಸುದ್ದಿ ಕೊಟ್ಟಿರುತ್ತದೆ. ಆದರೆ "ಹೊಸ ಪರದೆ ಬಂದರೆ ಹೀಗೆ ಮಾಡು" ಎಂದು ಯಾರೂ ಹೇಳಿಟ್ಟಿರುವುದಿಲ್ಲ. ನೆಂಟರು ಬಾಗಿಲಲ್ಲಿದ್ದಾರೆ, ಬೆಲ್ ಆಗಿದೆ, ಎದ್ದು ಹೋಗಿ ಬಾಗಿಲು ತೆಗೆಯುವವರಿಲ್ಲ!

ಇಂಥವರಿಗಾಗಿಯೇ ಆಟೋರ್ಯಾಂಡರ್ ಎಂಬ ಉಚಿತ ತಂತ್ರಾಂಶವಿದೆ. ಒಮ್ಮೆ ಜೋಡಣೆ ಉಳಿಸಿಟ್ಟರೆ, ಇಡಿಐಡಿ ನೋಡಿ ಇದು ಮನೆಯ ಮಾನಿಟರ್, ಇದು ಆಫೀಸಿನದು ಎಂದು ತಿಳಿದು ಆಯಾ ಜೋಡಣೆಯನ್ನು ತಾನೇ ತರುತ್ತದೆ. ಸ್ವೇಯಂಥ ವೇಲ್ಯಾಂಡ್ ಬಳಸುವವರಿಗೆ ಇದೇ ಕೆಲಸಕ್ಕೆ ಕಾನ್ಶಿ ಇದೆ.

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ?

ಇದು ಪೂರ್ತಿ ಕಟ್ಟುಕಥೆಯಲ್ಲ, ಹಳೆಯ ಕಾಲದ ನಿಜ. ಮೊದಲು ಲಿನಕ್ಸ್‌ನಲ್ಲಿ ಎರಡನೇ ಪರದೆ ಬೇಕೆಂದರೆ ಒಂದು ಸೆಟ್ಟಿಂಗ್ ಕಡತವನ್ನು ಕೈಯಾರೆ ತಿದ್ದಿ, ಪರದೆಯ ವ್ಯವಸ್ಥೆಯನ್ನೇ ನಿಲ್ಲಿಸಿ ಮತ್ತೆ ಶುರುಮಾಡಬೇಕಿತ್ತು. ಓಡುತ್ತಿರುವಾಗಲೇ ಪರದೆ ಸೇರಿಸುವ ದಾರಿ ತೆರೆದದ್ದು 2007ರಲ್ಲಿ, ರ್ಯಾಂಡರ್ 1.2 ಬಂದಾಗ. 2009ರ ಕರ್ನಲ್ 2.6.29ರಿಂದ ಪರದೆಯ ರೆಸಲ್ಯೂಶನ್ ಹೊಂದಿಸುವ ಹೊಣೆಯನ್ನು, ಇಂಟೆಲ್ ಗ್ರಾಫಿಕ್ಸ್‌ನಿಂದ ಮೊದಲುಗೊಂಡು, ಕರ್ನಲ್ಲೇ ಹೊರತೊಡಗಿತು. ತೊಡಕು ಹೋಗಿ ವರ್ಷಗಳೇ ಆದವು, ಮಾತು ಮಾತ್ರ ಉಳಿದುಕೊಂಡಿದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳು ಓಡುತ್ತಿರುವುದು ಲಿನಕ್ಸ್‌ನಿಂದಲೇ.

ಚಿತ್ರ ಬರದಿದ್ದರೆ ಎಲ್ಲಿ ನೋಡಬೇಕು?

1. ಪ್ರೊಜೆಕ್ಟರ್‌ನಲ್ಲಿ ಬರೀ ವಾಲ್‌ಪೇಪರ್ ಕಾಣುತ್ತಿದೆಯೇ? ಹಾಗಿದ್ದರೆ ಎಲ್ಲವೂ ಸರಿಯಿದೆ! ಪರದೆ 'ಮುಂದುವರಿಕೆ'ಯಾಗಿ ಸೇರಿದೆ ಅಷ್ಟೇ. ವಿಂಡೋಸ್ ಗುರುತಿರುವ ಕೀ ಮತ್ತು 'ಪಿ' ಕೀ ಒಟ್ಟಿಗೆ ಒತ್ತಿದರೆ ಗ್ನೋಮ್ ಮತ್ತು ಕೆಡಿಇಯಲ್ಲಿ ಆಯ್ಕೆಗಳು ಬರುತ್ತವೆ. 'ಮಿರರ್' ಆರಿಸಿದರೆ ಎರಡೂ ಕಡೆ ಒಂದೇ ಚಿತ್ರ. ಆದರೆ ಮಿರರ್ ಮಾಡಿದಾಗ ನಿಮ್ಮ ವಾಟ್ಸ್ಯಾಪ್ ಮೆಸೇಜು ಕೂಡ ಎಲ್ಲರಿಗೂ ಕಾಣುತ್ತದೆ ಎನ್ನುವುದು ನೆನಪಿರಲಿ.

2. ಪ್ರೊಜೆಕ್ಟರ್‌ನ ರಿಮೋಟ್‌ನಲ್ಲಿ ಸರಿಯಾದ 'ಸೋರ್ಸ್' ಆರಿಸಿದ್ದೀರಾ? ಕೇಬಲ್‌ನ ಎರಡೂ ತುದಿ ಗಟ್ಟಿಯಾಗಿ ಕೂತಿದೆಯೇ? 19ನೇ ಪಿನ್ ತಾಗದಿದ್ದರೆ ಬೆಲ್ಲೇ ಆಗುವುದಿಲ್ಲ.

3. ಹಳೆಯ ನೀಲಿ ವಿಜಿಎ ಕೇಬಲ್ಲೇ? ಅದರಲ್ಲಿ ಬೆಲ್ ಪಿನ್ ಇಲ್ಲ. ಹಾಗಾಗಿ ಕರ್ನಲ್ ಸುಮಾರು 10 ಸೆಕೆಂಡಿಗೊಮ್ಮೆ ತಾನೇ ಹೋಗಿ ಇಣುಕಿ ನೋಡುತ್ತದೆ. ಕೇಬಲ್ ಹಾಕಿ ಕಿತ್ತು ಮಾಡದೆ ಸ್ವಲ್ಪ ಕಾಯಿರಿ.

4. ಚಿತ್ರ ಬಂದರೂ ಮಸುಕಾಗಿದೆಯೇ? ನಡುವೆ ಹಾಕಿದ ಅಡಾಪ್ಟರ್ ಇಡಿಐಡಿಯನ್ನು ದಾಟಿಸುತ್ತಿಲ್ಲದಿರಬಹುದು. ಪರಿಚಯ ಸಿಗದಿದ್ದಾಗ ಲಿನಕ್ಸ್ 1024x768ರಂಥ ಹಳೆಯ ಅಳತೆಗೆ ಇಳಿಯುತ್ತದೆ. ಬೇರೆ ಅಡಾಪ್ಟರ್ ಹಾಕಿ ನೋಡಿ.

5. ಯುಎಸ್‌ಬಿ-ಸಿ ಬಳಸುತ್ತಿದ್ದೀರಾ? ಎಲ್ಲ ಯುಎಸ್‌ಬಿ-ಸಿ ಪೋರ್ಟ್‌ಗಳೂ ಚಿತ್ರ ಕೊಡುವುದಿಲ್ಲ. ಫೋನ್ ಚಾರ್ಜರ್ ಜೊತೆ ಬರುವ ಬಹುತೇಕ ಕೇಬಲ್‌ಗಳಲ್ಲಿ ಚಿತ್ರ ಸಾಗಿಸುವ ತಂತಿಗಳೇ ಇರುವುದಿಲ್ಲ.

6. ಎನ್‌ವಿಡಿಯಾ ಕಾರ್ಡ್ ಇರುವ ಲ್ಯಾಪ್‌ಟಾಪೇ? ಕೆಲವು ಮಾದರಿಗಳಲ್ಲಿ ಎಚ್‌ಡಿಎಂಐ ಪೋರ್ಟ್ ನೇರವಾಗಿ ಆ ಕಾರ್ಡಿಗೇ ಸೇರಿರುತ್ತದೆ. ಅದರ ಡ್ರೈವರ್ ಸರಿಯಾಗಿ ಕೂರದಿದ್ದರೆ ಆ ಪೋರ್ಟ್ ಸತ್ತಂತೆಯೇ.

ಇಷ್ಟಾದರೂ ಅನುಮಾನವಿದ್ದರೆ, ಪ್ರತಿ ಪೋರ್ಟ್‌ಗೂ ಕರ್ನಲ್ 'ಸ್ಟೇಟಸ್' ಎಂಬ ಒಂದು ಕಡತ ಇಟ್ಟಿರುತ್ತದೆ. 'ಸಿಸ್' ಫೋಲ್ಡರಿನ ಒಳಗಿನ 'ಕ್ಲಾಸ್', ಅದರೊಳಗಿನ 'ಡಿಆರ್‌ಎಂ'ನಲ್ಲಿ ಅದು ಸಿಗುತ್ತದೆ. ಅದರಲ್ಲಿ 'ಕನೆಕ್ಟೆಡ್' ಎಂದಿದ್ದರೆ ಕೇಬಲ್ ಸರಿಯಿದೆ, ಡೆಸ್ಕ್‌ಟಾಪ್ ಸೆಟ್ಟಿಂಗ್ ನೋಡಿ. 'ಡಿಸ್‌ಕನೆಕ್ಟೆಡ್' ಎಂದಿದ್ದರೆ ಮೊದಲು ಕೇಬಲ್, ಪೋರ್ಟ್, ಡ್ರೈವರ್ ನೋಡಿ.

ಆಫ್ ಮಾಡಿಯೇ ಕೇಬಲ್ ಹಾಕಬೇಕೇ?

ಬೇಕಿಲ್ಲ. ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್, ಯುಎಸ್‌ಬಿ-ಸಿ ಮೂರೂ ಯಂತ್ರ ಓಡುತ್ತಿರುವಾಗಲೇ ಹಾಕಿ ತೆಗೆಯಲೆಂದು ಮಾಡಿದವು. ಆದರೆ ಭಯಕ್ಕೆ ಒಂದು ಕಾರಣ ಇಲ್ಲದಿಲ್ಲ. ಕಟ್ಟಡದಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಕೇಬಲ್‌ನ ಲೋಹದ ತುದಿ ಮುಟ್ಟಿದಾಗ ಜುಮ್ಮೆನ್ನಬಹುದು, ಪೋರ್ಟ್‌ಗೂ ಪೆಟ್ಟು ಬೀಳಬಹುದು. ಅಂಥ ಕಡೆ ರಿಪೇರಿ ಆಗಬೇಕಾದದ್ದು ವೈರಿಂಗ್. ಲಿನಕ್ಸ್ ಇರಲಿ, ವಿಂಡೋಸ್ ಇರಲಿ, ಅಪಾಯ ಒಂದೇ.

ಮುಂದಿನ ಸಲ ಯಾರಾದರೂ "ಲಿನಕ್ಸ್‌ಗೆ ಪ್ರೊಜೆಕ್ಟರ್ ಆಗಲ್ಲ" ಎಂದು ಗ್ರೂಪಿನಲ್ಲಿ ಹಾಕಿದರೆ, ಒಂದೇ ಪ್ರಶ್ನೆ ಕೇಳಿ: "ಬೆಲ್ ಆಗಲಿಲ್ಲವೋ, ಬಾಗಿಲು ತೆಗೆಯಲಿಲ್ಲವೋ?" ಉತ್ತರ ಸಿಕ್ಕರೆ ಸಾಮಾನ್ಯವಾಗಿ ಒಂದು ಕೇಬಲ್ ಅಥವಾ ಒಂದು ಸೆಟ್ಟಿಂಗ್‌ನಲ್ಲಿ ಕೆಲಸ ಮುಗಿಯುತ್ತದೆ. ಲ್ಯಾಪ್‌ಟಾಪ್ ಬದಲಿಸುವ ಖರ್ಚು ಉಳಿಯುತ್ತದೆ.