ಕಿಟಕಿಗೊಂದು ಬಣ್ಣ, ಷಟರಿಗೊಂದು ಬಣ್ಣ

ಮನೆ ಕಟ್ಟಿಸುವಾಗ ಪಾಯದ ಆಳ, ತಾರಸಿಯ ಕಬ್ಬಿಣ, ಅಡಿಗೆಮನೆಯ ಕಟ್ಟೆಯ ಎತ್ತರ ಇವುಗಳಿಗಾಗಿ ನಾವು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ. ಕಿಟಕಿಯ ಬಣ್ಣವನ್ನು ಮಾತ್ರ ಅಂಗಡಿಯ ಮೇಜಿನ ಮುಂದೆ ನಿಂತು ಐದು ನಿಮಿಷದಲ್ಲಿ ಗೊತ್ತುಮಾಡಿ ಬಂದುಬಿಡುತ್ತೇವೆ. ಆದರೆ ಗೃಹಪ್ರವೇಶಕ್ಕೆ ಬಂದ ನೆಂಟರಿಷ್ಟರಾರೂ ಪಾಯವನ್ನು ನೋಡುವುದಿಲ್ಲ. ಅವರು ಬೀದಿಯಲ್ಲಿ ನಿಂತು ಮೊದಲು ನೋಡುವುದೇ ಕಿಟಕಿಯನ್ನು.

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ತುಮಕೂರಿನ ಹಳೆಯ ಹೆಂಚಿನ ಮನೆಯನ್ನು ಮಾರಿ, ಬಂದ ಹಣಕ್ಕೆ ಬ್ಯಾಂಕಿನ ಸಾಲವನ್ನೂ ಕೂಡಿಸಿ, ಬೆಂಗಳೂರಿನ ಹೊರಬಡಾವಣೆಯೊಂದರ 30×40 ಅಡಿಯ ನಿವೇಶನದಲ್ಲಿ ಮನೆ ಎಬ್ಬಿಸಿದೆವು. ಮನೆ ಪಶ್ಚಿಮಕ್ಕೆ ಮುಖ. ಕೆಳಗೆ ಕಾರಿನ ಕೋಣೆಗೆ ರೋಲಿಂಗ್ ಷಟರ್, ಅದರ ಪಕ್ಕಕ್ಕೆ ಸಣ್ಣ ಗೇಟು, ಮೇಲೆ ಬೀದಿಯ ಕಡೆಗೆ ಎರಡು ಕಿಟಕಿ. ಹಳೆಯ ಮನೆ ಅಮ್ಮನ ಹೆಸರಿನಲ್ಲಿದ್ದಿತು. ಪತ್ರಕ್ಕೆ ರುಜು ಹಾಕಿದ ದಿನ ಆಕೆ ಒಂದು ಮಾತನ್ನೂ ಆಡಿರಲಿಲ್ಲ.

“ಕಿಟಕಿ, ಷಟರು ಎರಡೂ ಮ್ಯಾಚ್ ಆಗ್ಬೇಕು ರೀ” ಎಂದು ನನ್ನಾಕೆ ಮೊದಲೇ ಎಚ್ಚರಿಸಿದ್ದಳು. ಯುಪಿವಿಸಿ ಕಿಟಕಿಗಳಿಗೆ ಚಾಕೊಲೇಟ್ ಬ್ರೌನ್ ಆರಿಸಿದೆವು. ಷಟರಿನವರಿಗೆ ನಾನು ಫೋನಿನಲ್ಲಿಯೇ “ಅದೇ ಬ್ರೌನ್ ಇರಲಿ” ಎಂದು ಹೇಳಿ ನಿಶ್ಚಿಂತನಾದೆ. ಗೃಹಪ್ರವೇಶಕ್ಕೆ ಹನ್ನೆರಡು ದಿನವಿರುವಾಗ ಷಟರು ಬಂದಿತು. ಅದು ಬ್ರೌನ್ ಅಲ್ಲವೆನ್ನುವಂತಿಲ್ಲ. ಆದರೆ ಕಾವಿಗೂ ಇಟ್ಟಿಗೆಗೂ ಹುಟ್ಟಿದ ಬ್ರೌನ್. ಮೇಲಿನ ಕಿಟಕಿ ಕಾಫಿಯ ಡಿಕಾಕ್ಷನ್ನಿನಂತೆ, ಕೆಳಗಿನ ಷಟರು ಹೊಸ ಹೂಕುಂಡದಂತೆ! “ಬ್ರೌನ್ ಅಂದ್ರಿ, ಬ್ರೌನೇ ಹೊಡೆದಿದೀವಲ್ಲ ಸಾರ್” ಎಂದ ಷಟರಿನವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಬಣ್ಣದ ಹೆಸರನ್ನು ನಂಬಬಾರದೆಂಬುದನ್ನು ಜರ್ಮನರು ಬಹಳ ಹಿಂದೆಯೇ ಕಂಡುಕೊಂಡರು. ಆ ದೇಶದಲ್ಲಿ ಷಟರೆಂಬುದು ಅಂಗಡಿಗೆ ಮಾತ್ರ ಮೀಸಲಲ್ಲ. ಬಹುಪಾಲು ಮನೆಗಳಲ್ಲಿ ಕಿಟಕಿಗಳಿಗೂ ಸುರುಳಿ ಸುತ್ತುವ ಪಟ್ಟಿಯ ತೆರೆಯೊಂದು ಇರುತ್ತದೆ. ಚೌಕಟ್ಟಿಗೊಂದು, ಪಟ್ಟಿಗೊಂದು, ಪಟ್ಟಿ ಜಾರುವ ಕಂಬಿಗೊಂದು ಎಂದು ಅಲ್ಲಿನ ಗೃಹಸ್ಥ ಮೂರು ಬಣ್ಣಗಳನ್ನು ಹೊಂದಿಸಬೇಕು. ಅಲ್ಲಿ 1927ರಲ್ಲಿ ನಲವತ್ತು ಬಣ್ಣಗಳಿಗೆ ಅಂಕಿ ಕೊಟ್ಟು ರಾಲ್ ಎಂಬ ಪಟ್ಟಿಯನ್ನು ಮಾಡಿದರು. ಈಗ ಅದರಲ್ಲಿ ಇನ್ನೂರಕ್ಕೂ ಮೇಲ್ಪಟ್ಟು ಬಣ್ಣಗಳಿವೆ. ರಾಲ್ 8017 ಎಂದರೆ ಚಾಕೊಲೇಟಿನ ಕಂದು, 7016 ಎಂದರೆ ಇದ್ದಿಲಿನ ಬೂದು. ಹೇಳುವವನೂ ಕೇಳುವವನೂ ಬೇರೆ ಬೇರೆ ಊರಿನಲ್ಲಿದ್ದರೂ ಚಿಂತೆಯಿಲ್ಲ. ನಮ್ಮ ಭಾರತೀಯ ಮಾನಕದಲ್ಲಿಯೂ ಐಎಸ್ 5 ಎಂಬ ಇಂಥದೇ ಪಟ್ಟಿಯುಂಟು. ಬೆಂಗಳೂರಿನ ವ್ಯಾಪಾರಿಗಳಲ್ಲಿಯೂ ಅನೇಕರು ಈ ಅಂಕಿಗಳನ್ನು ಬಲ್ಲರು. ಕೇಳಬೇಕಾದವನು ನಾನು; ಕೇಳಲಿಲ್ಲ.

ಅಂಕಿ ಸರಿಯಾದ ಮಾತ್ರಕ್ಕೆ ಕಣ್ಣು ಒಪ್ಪುತ್ತದೆಯೆ? ಅದೂ ಇಲ್ಲ. ಕಿಟಕಿಯ ಮೇಲಿರುವುದು ಮರದ ನಾರನ್ನು ಅನುಕರಿಸಿದ ತೆಳುವಾದ ಹಾಳೆ. ಷಟರಿನ ಮೇಲಿರುವುದು ಹೊಳೆಯುವ ಎನಾಮಲ್. ಷಟರಿನ ಪ್ರತಿಯೊಂದು ಪಟ್ಟಿಯೂ ಉಬ್ಬಿರುವುದರಿಂದ ಅದರ ನೆರಳು ಕೆಳಗಿನದರ ಮೇಲೆ ಬಿದ್ದು ಬಣ್ಣ ಇನ್ನಷ್ಟು ಕಪ್ಪಾಗಿ ತೋರುತ್ತದೆ. ಸೀರೆಗೆ ರವಿಕೆಯ ಬಟ್ಟೆ ಹೊಂದಿಸುವ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಚಿಕ್ಕಪೇಟೆಯ ಅಂಗಡಿಯ ದೀಪದಲ್ಲಿ ಒಂದಾಗಿ ಕಂಡ ಎರಡು ಬಟ್ಟೆಗಳು ಬೀದಿಯ ಬಿಸಿಲಿಗೆ ಬಂದೊಡನೆ ಬೇರೆಯಾಗುವುದನ್ನು ಅವರು ಬಲ್ಲರು. ಅಷ್ಟು ವಿವೇಕಿಯಾದ ನನ್ನಾಕೆಯನ್ನು ಬಿಟ್ಟು ನಾನು ಫೋನಿನಲ್ಲಿ ಬಣ್ಣ ಹೇಳಿದೆನೆಂಬುದು ನಮ್ಮ ಮನೆಯಲ್ಲಿ ಈಗಲೂ ಮುಗಿಯದ ವಿಚಾರಣೆ.

ಇಲ್ಲಿ ಶೆವ್ರಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನ ನೆನಪಾಗುತ್ತದೆ. ಆತ 1824ರಲ್ಲಿ ಪ್ಯಾರಿಸ್ಸಿನ ಗೋಬ್ಲಾಂ ಎಂಬ ಹೆಸರಾಂತ ಚಿತ್ರಗಂಬಳಿಯ ಕಾರ್ಖಾನೆಯಲ್ಲಿ ಬಣ್ಣದ ವಿಭಾಗಕ್ಕೆ ಮುಖ್ಯಸ್ಥನಾದ. ಅಲ್ಲಿನ ಕಪ್ಪು ನೂಲು ಸಪ್ಪೆಯೆಂಬ ದೂರಿದ್ದಿತು. ಪರೀಕ್ಷಿಸಿ ನೋಡಿದರೆ ಬಣ್ಣದಲ್ಲಿ ದೋಷವಿಲ್ಲ. ನೀಲಿ, ನೇರಳೆಗಳ ನೆರೆಯಲ್ಲಿ ನೇಯ್ದುದರಿಂದ ಕಪ್ಪು ಕಳೆಗುಂದಿ ತೋರುತ್ತಿದ್ದಿತು! ನೆರೆಯ ಬಣ್ಣ ಬದಲಾದರೆ ನಮ್ಮ ಬಣ್ಣವೂ ಬದಲಾದಂತೆ ಕಾಣುತ್ತದೆಂಬ ಈ ವಿಚಾರವನ್ನು ಆತ 1839ರಲ್ಲಿ ಗ್ರಂಥರೂಪದಲ್ಲಿ ಹೊರತಂದ. ಬಣ್ಣಗಳ ಜಗಳ ಬಿಡಿಸುತ್ತ ಬಾಳಿದ ಈ ಪುಣ್ಯಾತ್ಮ ನೂರೆರಡು ವರ್ಷ ಬದುಕಿದ್ದ.

ಆದುದರಿಂದ ಅಂಗೈಯಗಲದ ತುಂಡನ್ನು ನೋಡಿ ಒಪ್ಪಬಾರದು. ಒಂದಡಿ ಉದ್ದದ ಕಿಟಕಿಯ ಚೌಕಟ್ಟಿನ ತುಂಡು, ಬಣ್ಣ ಬಳಿದ ಷಟರಿನ ಎರಡು ಮೂರು ಪಟ್ಟಿ ಇವನ್ನು ತರಿಸಿ, ಗೋಡೆಗೆ ಬಣ್ಣ ಹಚ್ಚಿದ ಮೇಲೆ ಆ ಗೋಡೆಗೇ ಒರಗಿಸಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಬೀದಿಯ ಆಚೆ ಬದಿಯಿಂದ ನೋಡಬೇಕು.

ಹಾಗೆ ಆಚೆ ಬದಿಯಲ್ಲಿ ನಿಂತಾಗಲೇ ನನಗೆ ಇನ್ನೊಂದು ವಿಷಯ ಹೊಳೆದುದು. ಷಟರು 9 ಅಡಿ ಅಗಲ, 7 ಅಡಿ ಎತ್ತರ, ಒಟ್ಟು 63 ಚದರಡಿ. ಕಿಟಕಿ ಒಂದೊಂದು 20 ಚದರಡಿಯಾದರೂ ಅದರ ಬಹುಭಾಗ ಗಾಜು. ಬಣ್ಣವಿರುವುದು ಅಂಚಿನ ಚೌಕಟ್ಟಿಗೆ ಮಾತ್ರ. ಹಗಲಿನಲ್ಲಿ ಹೊರಗಿನಿಂದ ಗಾಜು ಕಪ್ಪಾಗಿಯೇ ತೋರುವುದರಿಂದ ಗಾಢ ಬಣ್ಣದ ಚೌಕಟ್ಟು ಕಣ್ಣಿಗೆ ಕಾಡಿಗೆ ತೀಡಿದಂತೆ ಗಾಜಿನೊಡನೆ ಕೂಡಿ ಕಿಟಕಿಯನ್ನು ದೊಡ್ಡದಾಗಿ ಕಾಣಿಸುತ್ತದೆ. ಅದೇ ಕಾಡಿಗೆಯನ್ನು ಮುಖದ ತುಂಬ ಬಳಿದರೆ ಹೇಗಿರುತ್ತದೆ? ಕಿಟಕಿಯ ಬಣ್ಣವನ್ನು ಷಟರಿಗೂ ತರುವುದೆಂದರೆ ಅದೇ. ಹೊಂದಿಕೆಯೆಂದರೆ ಎರಡೂ ಒಂದೇ ಆಗಬೇಕೆಂದಲ್ಲ. ಕಿಟಕಿ ಮಾತಾಡುವಾಗ ಷಟರು ಸುಮ್ಮನಿರಬೇಕು. ಷಟರಿನ ಬಣ್ಣ ಗೋಡೆಯ ನೆಂಟನಾಗಲಿ, ಕಿಟಕಿಯದು ಅದರ ಮುಂದಿನ ಸರಳುಗಳ ನೆಂಟನಾಗಲಿ.

ಬಿಸಿಲಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಪಶ್ಚಿಮಕ್ಕಿರುವ ಗಾಢ ಬಣ್ಣದ ಲೋಹ ಬೇಸಿಗೆಯ ಮಧ್ಯಾಹ್ನ ಕೈಯಿಡಲಾರದಷ್ಟು ಕಾಯುತ್ತದೆ. ತಿಳಿಬಣ್ಣ ಬಿಸಿಲನ್ನು ಬಹುಮಟ್ಟಿಗೆ ಹಿಂದಕ್ಕೆ ಕಳುಹಿಸುತ್ತದೆ. ಷಟರನ್ನು ಸುತ್ತುವಾಗ ಪಟ್ಟಿಗೆ ಪಟ್ಟಿ ಉಜ್ಜಿ ಬೀಳುವ ಬಿಳಿಗೀಟುಗಳು ಗಾಢ ಬಣ್ಣದಲ್ಲಿಯೇ ಎದ್ದು ತೋರುತ್ತವೆ.

ನಮ್ಮ ಷಟರಿಗೆ ಮತ್ತೆ ಬಣ್ಣ ಹೊಡೆಸದೆ ಗತಿಯಿರಲಿಲ್ಲ. ಬಣ್ಣದ ಮೇಸ್ತ್ರಿ ಉಗುರಿನಿಂದ ಕೆರೆದುದಕ್ಕೇ ಹಳೆಯ ಬಣ್ಣ ಈರುಳ್ಳಿಯ ಸಿಪ್ಪೆಯಂತೆ ಎದ್ದಿತು. ಷಟರಿನ ತಗಡಿಗೆ ಸತುವಿನ ಲೇಪವಿರುತ್ತದೆ. ಅದರ ಮೇಲೆ ನೇರವಾಗಿ ಎನಾಮಲ್ ಬಳಿದರೆ ಬಣ್ಣದಲ್ಲಿನ ಎಣ್ಣೆಯ ಅಂಶವೂ ಸತುವೂ ಕೂಡಿ ನಡುವೆ ಸಾಬೂನಿನಂಥ ಪದರವೊಂದು ಹುಟ್ಟುತ್ತದೆ, ಬಣ್ಣ ನಿಲ್ಲುವುದಿಲ್ಲ. ಮೊದಲು ಸತುವಿಗೆಂದೇ ಇರುವ ಎಚ್ ಪ್ರೈಮರ್ ಹಚ್ಚಬೇಕು. ಇದಕ್ಕಿಂತ ಮೇಲಾದುದು ಪೌಡರ್ ಕೋಟಿಂಗ್: ಬಣ್ಣದ ಪುಡಿಯನ್ನು ವಿದ್ಯುತ್ತಿನ ಬಲದಿಂದ ಲೋಹಕ್ಕೆ ಅಂಟಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುವುದು. ಆದರೆ ಅದು ಷಟರು ಗೋಡೆಗೆ ಏರುವ ಮೊದಲೇ ಆಗಬೇಕಾದ ಕೆಲಸ.

ಯಾವ ಬಣ್ಣ? ನನ್ನಾಕೆ ಇದ್ದಿಲಿನ ಬೂದನ್ನು ಸೂಚಿಸಿದಳು. ನಮ್ಮ ಸಾಲಿನಲ್ಲಿ ಆಗಲೇ ನಾಲ್ಕು ಮನೆಗಳಿಗೆ ಆ ಬಣ್ಣವಿದ್ದಿತು; ಚೆನ್ನಾಗಿಯೂ ಇದ್ದಿತು. ಅದುವರೆಗೆ ಬಾಯಿ ಬಿಡದಿದ್ದ ಅಮ್ಮ ಆಗ ಕೇಳಿದಳು: “ಎಲ್ಲಾ ಮನೆಗೂ ಅದೇ ಬಣ್ಣ ಆದ್ರೆ, ದೇವಸ್ಥಾನದಿಂದ ಬರೋವಾಗ ನಮ್ಮನೆ ಯಾವ್ದು ಅಂತ ನಾನು ಹೇಗಪ್ಪ ಗುರುತು ಹಿಡೀಲಿ?”

ನಾವಿಬ್ಬರೂ ಸುಮ್ಮನಾದೆವು. ಮುಪ್ಪಿನಲ್ಲಿ ಕಣ್ಣಿನ ಮಸೂರ ಹಳದಿಗೆ ತಿರುಗಿ, ಹತ್ತಿರ ಹತ್ತಿರದ ಛಾಯೆಗಳ ಭೇದ ತಿಳಿಯದಂತಾಗುತ್ತದೆ. ಮನೆಯ ಅಂಕಿಯ ಫಲಕವನ್ನಂತೂ ಆಕೆ ಓದಲಾರಳು. ತುಮಕೂರಿನಲ್ಲಿ ನಮ್ಮದು “ಹಸುರು ಕಿಟಕಿ ಮನೆ”. ಅಂಚೆಯವನಿಂದ ಹಾಲಿನವಳವರೆಗೆ ಎಲ್ಲರಿಗೂ ಅದೇ ವಿಳಾಸ. ಹೊಸ ಊರಿನಲ್ಲಿ ಆಕೆ ಒಬ್ಬಳೇ ಹೊರಗೆ ಹೋಗಿಬರಬಹುದೆ, ಇಲ್ಲವೇ ಯಾರಾದರೂ ಕೈಹಿಡಿದು ಕರೆದೊಯ್ಯಬೇಕೆ ಎಂಬುದು ನಮ್ಮ ಷಟರಿನ ಬಣ್ಣದಲ್ಲಿದೆಯೆಂದು ನಮಗೆ ತೋಚಿರಲೇ ಇಲ್ಲ.

ಕಿಟಕಿಯ ಬಣ್ಣ ಕಾರ್ಖಾನೆಯಲ್ಲಿಯೇ ಕೂತದ್ದು, ಅದನ್ನು ಮುಟ್ಟುವಂತಿರಲಿಲ್ಲ. ಷಟರಿಗೆ ಗೋಡೆಯ ಕೆನೆಬಣ್ಣಕ್ಕಿಂತ ಒಂದು ಪಟ್ಟು ಗಾಢವಾದ ಬಣ್ಣ ಹೊಡೆಸಿದೆವು. ಕಂದಿನ ಕಿಟಕಿ ಅದರ ಮೇಲೆ ಹಿತವಾಗಿ ಕುಳಿತಿತು. ಪಕ್ಕದ ಗೇಟಿಗೆ ಬಣ್ಣ ಆರಿಸಲು ಅಮ್ಮನನ್ನೇ ಅಂಗಡಿಗೆ ಕರೆದೊಯ್ದೆ. ಆಕೆ ಬಣ್ಣದ ಪುಸ್ತಕವನ್ನು ಬಾಗಿಲಿನ ಬೆಳಕಿಗೆ ಹಿಡಿದು, ಹಸುರಿನ ಹಾಳೆಗಳನ್ನು ಬಹಳ ಹೊತ್ತು ತಿರುವಿ, ಒಂದರ ಮೇಲೆ ಬೆರಳಿಟ್ಟಳು. ಅಂಗಡಿಯವನು ಅದರ ಅಂಕಿಯನ್ನು ಬರೆದುಕೊಂಡ.

ಗೃಹಪ್ರವೇಶದ ಹಿಂದಿನ ಸಂಜೆಗೆ ಗೇಟಿನ ಬಣ್ಣ ಒಣಗಿತು. ಈಗ ಹೂವಿನವಳು ಬೀದಿಯ ತುದಿಯಲ್ಲಿ “ಹಸುರು ಗೇಟಿನ ಅಜ್ಜಿ ಎದ್ದವ್ರಾ?” ಎಂದು ವಿಚಾರಿಸಿಕೊಂಡೇ ಬರುತ್ತಾಳೆ.