ದಾಬಸ್‌ಪೇಟೆಗೆ ಎಷ್ಟು ಜಾಗ ಬೇಕು?

ತುಮಕೂರು ರಸ್ತೆಯ ಬಸ್ ವೇಳಾಪಟ್ಟಿಯೊಂದನ್ನು ಅಚ್ಚು ಹಾಕಬೇಕು ಎಂದುಕೊಳ್ಳಿ. ಮೊದಲ ಕಾಲಮ್ಮಿನಲ್ಲಿ ಊರುಗಳು: ನೆಲಮಂಗಲ, ದಾಬಸ್‌ಪೇಟೆ, ಕ್ಯಾತ್ಸಂದ್ರ, ತುಮಕೂರು. ಆ ಕಾಲಮ್ಮು ಎಷ್ಟು ಅಗಲವಿರಬೇಕು? ಕೊನೆಯ ಊರಿನ ಹೆಸರನ್ನೂ ಓದಿ ಮುಗಿಸುವತನಕ ಹೇಳಲಾಗದು. ಕಣ್ಣಾಡಿಸಿ ಅಂದಾಜು ಕಟ್ಟುವುದು ಮನುಷ್ಯನಿಗೆ ಸುಲಭ. ಕಂಪ್ಯೂಟರ್ ಅದನ್ನು ಕಲಿತದ್ದು ಹಂತಹಂತವಾಗಿ.

1977ರಲ್ಲಿ ಸ್ಟ್ಯಾನ್‌ಫರ್ಡಿನ ಡೊನಾಲ್ಡ್ ಕನೂತ್ ಅವರ ಕೈಗೆ ತಮ್ಮದೇ ಪುಸ್ತಕದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಬಂತು. ಹಿಂದಿನ ಅಚ್ಚುಮೊಳೆಯ ಅಂದ ಅದರಲ್ಲಿ ಉಳಿದಿರಲಿಲ್ಲ. ಬೇಸತ್ತ ಅವರು ತಾವೇ ಒಂದು ಮುದ್ರಣ ತಂತ್ರಾಂಶ ಕಟ್ಟಲು ಕೂತರು. ಅದೇ ಟೆಕ್. ಇದರಲ್ಲಿ ಬರಹದ ನಡುನಡುವೆ ಗುರುತುಗಳನ್ನು ಹಾಕುತ್ತಾ ಹೋಗಬೇಕು. ಕೋಷ್ಟಕದ ಗುರುತು ಸಿಕ್ಕಿದರೆ ಟೆಕ್ ಎಲ್ಲ ಸಾಲುಗಳನ್ನೂ ಮೊದಲು ಓದುತ್ತದೆ, ಪ್ರತಿ ಮನೆಯಲ್ಲಿರುವುದನ್ನೂ ಅಳೆಯುತ್ತದೆ, ಎಲ್ಲಕ್ಕಿಂತ ಅಗಲವಾದದ್ದೇ ಆ ಕಾಲಮ್ಮಿನ ಅಗಲ. ಅಳತೆಗೋಲು ಬೆರಗು ಹುಟ್ಟಿಸುವಷ್ಟು ಸೂಕ್ಷ್ಮ: ಒಂದು ಇಂಚಿಗೆ 72.27 ಪಾಯಿಂಟು, ಒಂದು ಪಾಯಿಂಟಿಗೆ 65,536 ಭಾಗ. ಆ ಒಂದು ಭಾಗ ಬೆಳಕಿನ ತರಂಗಕ್ಕಿಂತಲೂ ಕಿರಿದು!

ಆದರೆ ಹತ್ತಾರು ಪುಟದ ಪಟ್ಟಿಯನ್ನು ಒಂದೇ ಸಲ ನೆನಪಿನಲ್ಲಿಡುವುದು ಆಗಿನ ಯಂತ್ರಗಳಿಗೆ ಭಾರ. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಟೆಕ್ ಮೇಲೆ ಲೇಟೆಕ್ ಕಟ್ಟಿದರು. ಅದಕ್ಕೆ ಡೇವಿಡ್ ಕಾರ್ಲೈಲ್ ಸೇರಿಸಿದ 'ಲಾಂಗ್‌ಟೇಬಲ್' ಪಟ್ಟಿಯನ್ನು ತುಂಡುತುಂಡಾಗಿ ಓದಿ, ಕಂಡ ಅಗಲಗಳನ್ನು ಪಕ್ಕದ ಕಡತದಲ್ಲಿ ಬರೆದಿಡುತ್ತದೆ. ಮುಂದಿನ ಸಲ ಓಡಿಸಿದಾಗ ಅದೇ ಅಳತೆ ಬಳಕೆಗೆ ಬರುತ್ತದೆ. ಕಾಲಮ್ಮುಗಳು ಒಂದಕ್ಕೊಂದು ಹೊಂದುವತನಕ ಮತ್ತೆ ಮತ್ತೆ ಓಡಿಸಬೇಕು.

ನಮ್ಮ ಭಾಷೆಯ ಕಷ್ಟವೇ ಬೇರೆ. ಒಂದೊಂದು ಸಂಕೇತದ ಅಗಲ ಕೂಡಿಸುತ್ತಾ ಹೋದರೆ ಕನ್ನಡದ ಲೆಕ್ಕ ತಪ್ಪುತ್ತದೆ. ದೊಡ್ಡಬಳ್ಳಾಪುರದಲ್ಲಿ ಯೂನಿಕೋಡ್ ಸಂಕೇತಗಳು 13, ಕಣ್ಣಿಗೆ ಕಾಣುವ ಅಕ್ಷರಗಳು 6. ಇನ್ನು ದಾಬಸ್‌ಪೇಟೆಯನ್ನು ನೋಡಿ. 'ಸ್' ಮತ್ತು 'ಪೇ' ನಡುವೆ ಕಣ್ಣಿಗೆ ಕಾಣದ ಸಂಕೇತವೊಂದು ಕೂತಿದೆ. ಅದರ ಸ್ವಂತ ಅಗಲ ಸೊನ್ನೆ. ಅದನ್ನು ತೆಗೆದುಬಿಟ್ಟರೆ ಪಕಾರ ಒತ್ತಾಗಿ ಕೆಳಗಿಳಿದು 'ದಾಬಸ್ಪೇಟೆ' ಆಗುತ್ತದೆ, ಊರಿನ ಅಗಲವೇ ಕುಗ್ಗುತ್ತದೆ. ಸೊನ್ನೆ ಅಗಲದ ಸಂಕೇತ ಇಡೀ ಕಾಲಮ್ಮನ್ನು ಹಿಗ್ಗಿಸಬಲ್ಲದು. ಕನ್ನಡದ ಕೋಷ್ಟಕ ಕಟ್ಟುವವರೆಲ್ಲ ತಿಳಿದಿರಲೇಬೇಕಾದ ಸಂಗತಿ ಇದು.

ಆದ್ದರಿಂದ ಅಕ್ಷರಗಳು ಕೂಡಿಕೊಂಡ ಮೇಲೆಯೇ ಅಳೆಯಬೇಕು. 2004ರಲ್ಲಿ ಜೊನಾಥನ್ ಕ್ಯೂ ರೂಪಿಸಿದ ಝೀಟೆಕ್ ಯೂನಿಕೋಡ್ ಬರಹವನ್ನು ಹಾಗೆಯೇ ಓದಿ, ಗುಣಿತ-ಒತ್ತು ಕೂಡಿಸುವ ಕೆಲಸವನ್ನು ಬೇರೊಂದು ಎಂಜಿನ್ನಿಗೆ ಒಪ್ಪಿಸಿತು. 2013ರಿಂದ ಆ ಎಂಜಿನ್ ಹಾರ್ಫ್‌ಬಝ್. ಅದು ಜೋಡಿಸಿಕೊಟ್ಟ ಪದದ ಅಗಲವನ್ನು ಟೆಕ್‌ನ ಹಳೆಯ ಕೋಷ್ಟಕದ ಗುರುತು ಎಂದಿನಂತೆ ಹೋಲಿಸಿ ನೋಡುತ್ತದೆ.

ಅಗಲ ಹೀಗೆ ಸರಿಹೋಯಿತು, ಆಳ ಇನ್ನೂ ಕಾಡುತ್ತದೆ. ಲೇಟೆಕ್ ಕೋಷ್ಟಕದ ಪ್ರತಿ ಸಾಲಿನ ಎತ್ತರದಲ್ಲಿ ಹತ್ತರಲ್ಲಿ ಏಳು ಪಾಲು ಮೇಲಕ್ಕೆ, ಮೂರು ಪಾಲು ಕೆಳಕ್ಕೆ ಮೀಸಲು. ರೋಮನ್ ಅಕ್ಷರಕ್ಕೆ ಅದು ಸಾಕು. 'ಸ್ತ್ರೀ' ಎಂದು ಬರೆದರೆ ಎರಡು ಒತ್ತುಗಳು ಕೆಳಗಿನ ಗೆರೆಗೆ ತಾಗಬಹುದು. ಸಾಲುಗಳ ಅಂತರವನ್ನು ಕೈಯಾರೆ ಹಿಗ್ಗಿಸುವುದು ಇದಕ್ಕೊಂದು ದಾರಿ.